‘ನೋಡಿರಿ’ ಎಂಬ ಒಂದು ಪದ: ಗುರುವಾರದ ಅಧ್ಯಯನ ಕೂಟದ ಹನ್ನೊಂದನೆಯ ವಾರ

ಮಂಗಳೂರಿನ ಬಲ್ಮಠ, ಜೆಪ್ಪು, ಮತ್ತೆ ಉಡುಪಿ, ಮಲ್ಪೆಯವರೂ ಮಸ್ಕತ್‌ನಲ್ಲಿ ಕೆಲಸದಲ್ಲಿರುವ ಇಬ್ಬರೂ ಸೇರಿ ಒಟ್ಟು 14 ಮಂದಿ ಗುರುವಾರ ರಾತ್ರಿ 9 ಗಂಟೆಗೆ ಗೂಗಲ್ ಮೀಟ್‌ನಲ್ಲಿ ಕೂಡುವ ನಮ್ಮ ಕ್ರೈಸ್ತ ಬರಹಗಳ ಅಧ್ಯಯನಕ್ಕೆ ಈಗ ಹನ್ನೊಂದು ವಾರ ತುಂಬಿದೆ. ಮಸ್ಕತ್‌ನಲ್ಲಿ ಆಗ ಏಳೂವರೆ. ಅವರು ಕೆಲಸ ಮುಗಿಸಿ ಬಂದು ಕೂರುವಷ್ಟು ಹೊತ್ತು ಸಿಗಲೆಂದೇ ಈ ಸಮಯವನ್ನು ಗೊತ್ತುಮಾಡಿದೆವು. ಹಣ ಕೊಡದೆ ಬಳಸುವವರಿಗೆ ಕರೆ 60 ನಿಮಿಷಕ್ಕೆ ಕಡಿದುಹೋಗುವುದರಿಂದ ಓದಿಗೆ 20, ಮಾತುಕತೆಗೆ 30, ಪ್ರಾರ್ಥನೆಗೆ 10 ನಿಮಿಷ ಎಂದು ಹಂಚಿಕೊಂಡಿದ್ದೇವೆ.

ಮೊದಲ ಎಂಟು ವಾರ ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ಯಾತ್ರಿಕನ ಕಥೆಯ (‘ದಿ ಪಿಲ್ಗ್ರಿಮ್ಸ್ ಪ್ರೋಗ್ರೆಸ್’) ಮೊದಲ ಭಾಗವನ್ನು ಓದಿದೆವು. ಅದು ಸರಾಗವಾಗಿ ನಡೆಯಿತು. ಒಂಬತ್ತನೆಯ ವಾರದಿಂದ ಕೈಗೆತ್ತಿಕೊಂಡದ್ದು ಇಂಗ್ಲೆಂಡಿನ ಬೋಧಕ ಚಾರ್ಲ್ಸ್ ಸ್ಪರ್ಜನ್ ತಮ್ಮ 21ನೆಯ ವಯಸ್ಸಿನಲ್ಲಿ, 1856ರ ಜನವರಿ 6ರಂದು ಲಂಡನ್ನಿನಲ್ಲಿ ಮಾಡಿದ ಒಂದು ಪ್ರಸಂಗ, ಎಂದರೆ ಸಭೆಗೆ ಮಾಡಿದ ಧರ್ಮಬೋಧೆ. ಅದರ ಆಧಾರವಾಕ್ಯ ಸತ್ಯವೇದದ (ಬೈಬಲಿನ) ಯೆಶಾಯ 45:22. ಸ್ಪರ್ಜನ್ ಹುಟ್ಟಿದ 1834ರಲ್ಲೇ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದರು ಎಂಬುದನ್ನು ಜೆಪ್ಪುವಿನ ಒಬ್ಬ ಹಿರಿಯರು ನೆನಪಿಸಿದಾಗ, ದೂರದ ಮನುಷ್ಯನೊಬ್ಬ ನಮ್ಮ ಅಜ್ಜಂದಿರ ಕಾಲದವನೇ ಎನ್ನುವ ಸಲುಗೆ ಎಲ್ಲರಿಗೂ ಬಂದಿತು.

ಆ ಇಂಗ್ಲಿಷ್ ಹಳೆಯದಾದುದರಿಂದ ವಾರಕ್ಕೆ ಎರಡು ಪುಟದಂತೆ ಕನ್ನಡಕ್ಕೆ ಇಳಿಸಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ತಡವರಿಸಿದ್ದು ಆಧಾರವಾಕ್ಯದಲ್ಲಿಯೇ. ಸ್ಪರ್ಜನ್ನರ ಕೈಯಲ್ಲಿದ್ದ ಇಂಗ್ಲಿಷ್ ಸತ್ಯವೇದದಲ್ಲಿ ದೇವರು ‘ನನ್ನನ್ನು ನೋಡಿರಿ’ ಎನ್ನುತ್ತಾನೆ. 1850ರ ಜನವರಿಯ ಒಂದು ಭಾನುವಾರ, ಹಿಮ ಸುರಿಯುತ್ತಿದ್ದುದರಿಂದ ಹದಿನೈದು ವಯಸ್ಸಿನ ಸ್ಪರ್ಜನ್ ಕೋಲ್ಚೆಸ್ಟರ್‌ನ ಸಣ್ಣ ಮೆಥೊಡಿಸ್ಟ್ ಪ್ರಾರ್ಥನಾಲಯವೊಂದನ್ನು ಹೊಕ್ಕಾಗ ಅಲ್ಲಿ ಇದ್ದವರು ಹನ್ನೆರಡೋ ಹದಿನೈದೋ ಮಂದಿ. ಬೋಧಕರು ಬಾರದೆ, ಹೆಚ್ಚು ಓದಿಲ್ಲದ ಒಬ್ಬ ಸಾಮಾನ್ಯ ಮನುಷ್ಯ ಇದೇ ವಾಕ್ಯದ ಮೇಲೆ ಮಾತಾಡಿದ. ನೋಡುವುದಕ್ಕೆ ಕಾಲನ್ನಾಗಲಿ ಬೆರಳನ್ನಾಗಲಿ ಎತ್ತಬೇಕಾಗಿಲ್ಲ, ನೋಡಿದರೆ ಸಾಕು ಎಂಬುದೇ ಅವನ ಮಾತಿನ ತಿರುಳು. ಸ್ಪರ್ಜನ್ನರ ಬದುಕು ಹೊರಳಿದ್ದು ಆ ಹೊತ್ತಿನಲ್ಲಿ. ಸರಿಯಾಗಿ ಆರು ವರ್ಷದ ಮೇಲೆ ಅದೇ ವಾಕ್ಯವನ್ನು ಎತ್ತಿಕೊಂಡು ಅವರು ಸಭೆಯ ಮುಂದೆ ನಿಂತರು.

ನಾವು ಓದುವ ಕನ್ನಡ ಸತ್ಯವೇದದಲ್ಲಾದರೋ ಆ ಜಾಗದಲ್ಲಿರುವುದು ದೇವರ ಕಡೆಗೆ ‘ತಿರುಗಿಕೊಳ್ಳುವ’ ಮಾತು. ವಾಕ್ಯವನ್ನು ಇದ್ದಂತೆಯೇ ಇಟ್ಟರೆ ಪ್ರಸಂಗದ ವಾದಕ್ಕೆ ಕಾಲಿಲ್ಲ. ಪ್ರಸಂಗಕ್ಕೆಂದು ವಾಕ್ಯವನ್ನು ತಿದ್ದುವುದು ನಮ್ಮ ಅಧಿಕಾರದ ಕೆಲಸವಲ್ಲ. ಹತ್ತನೆಯ ವಾರದ ಅರ್ಧ ಗಂಟೆಯೂ ಇದಕ್ಕೇ ಹೋಯಿತು. ದೇವಶಾಸ್ತ್ರ ಕಲಿತ ಒಬ್ಬ ಬ್ರದರ್, ಮೂಲ ಇಬ್ರಿಯ (ಹೀಬ್ರೂ) ಕ್ರಿಯಾಪದ ‘ಪಾನಾ’ ಎಂದರೆ ತಿರುಗು ಎಂದೇ ಅರ್ಥ, ‘ಮುಖ’ ಎಂಬ ಅರ್ಥದ ‘ಪಾನೀಮ್’ ಕೂಡ ಅದೇ ಧಾತುವಿನದು ಎಂದು ತಿಳಿಸಿದರು. ಉಡುಪಿಯ ಆಂಟಿಯೊಬ್ಬರು ಸತ್ಯವೇದದ ಅರಣ್ಯಕಾಂಡದ 21ನೆಯ ಅಧ್ಯಾಯವನ್ನು ತೆಗೆದು, ಹಾವು ಕಚ್ಚಿದವರು ತಾಮ್ರದ ಸರ್ಪವನ್ನು ನೋಡಿ ಬದುಕಿದ ಭಾಗವನ್ನು ಓದಿ, “ಹಾಸಿಗೆಯಲ್ಲಿ ಬಿದ್ದವನು ನೋಡಬೇಕಾದರೂ ಮೊದಲು ಮುಖ ತಿರುಗಿಸಬೇಕಲ್ಲ ಮಗಾ? ನಮ್ಮ ತುಳುವಿನಲ್ಲಿ ‘ತೂಲೆ’ ಎಂದು ಕರೆದರೆ ಜನ ತಿರುಗಿಯೇ ನೋಡುತ್ತಾರೆ” ಎಂದರು. ನನ್ನ ಮೂರು ದಿನಗಳ ಗೊಂದಲ ಅಲ್ಲಿಗೆ ತಿಳಿಯಾಯಿತು. ಈಗ ಆಧಾರವಾಕ್ಯವನ್ನು ಸತ್ಯವೇದದಲ್ಲಿರುವಂತೆಯೇ ಉಳಿಸಿ, ಪ್ರಸಂಗದೊಳಗೆ ‘ಮುಖ ತಿರುಗಿಸಿ ನೋಡಿರಿ’ ಎಂದು ಬರೆದು, ಕೆಳಗೆ ಎರಡು ಸಾಲಿನ ವಿವರಣೆ ಸೇರಿಸಿದ್ದೇನೆ. ಒಬ್ಬನೇ ಕುಳಿತು ಓದಿದ್ದರೆ ಈ ಪದವನ್ನು ನಾನು ದಾಟಿಕೊಂಡು ಹೋಗುತ್ತಿದ್ದೆ.

ಅದೇ ಹತ್ತನೆಯ ವಾರ ಒಂದು ತಪ್ಪೂ ನಡೆಯಿತು. ಬರಲಾಗದವರಿಗಾಗಿ ಮೊಬೈಲಿನಲ್ಲಿ ಮಾಡುತ್ತಿದ್ದ ಧ್ವನಿಮುದ್ರಣವನ್ನು ಪ್ರಾರ್ಥನೆಯ ಹೊತ್ತಿಗೆ ನಿಲ್ಲಿಸಲು ನಾನು ಮರೆತೆ. ಒಬ್ಬ ಸಿಸ್ಟರ್ ತಮ್ಮ ಮನೆಯ ಕಷ್ಟವನ್ನು ಹೇಳಿಕೊಂಡ ಭಾಗವೂ ಅದರಲ್ಲಿ ಸೇರಿ, ವಾಟ್ಸ್ಯಾಪ್‌ನಲ್ಲಿ ಕೂಟದ ಹೊರಗಿನವರ ಕೈಗೂ ಹೋಯಿತು. ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕ್ಷಮಿಸಿದರು, ಆದರೆ ಹನ್ನೊಂದನೆಯ ವಾರ ಅವರು ಪ್ರಾರ್ಥನೆಗೆ ಏನನ್ನೂ ಕೇಳಿಕೊಳ್ಳಲಿಲ್ಲ, ಆ ಮೌನ ನನ್ನನ್ನು ಇಂದಿಗೂ ನೋಯಿಸುತ್ತಿದೆ. ಇನ್ನು ಮುಂದೆ ಓದಿನ 20 ನಿಮಿಷವನ್ನು ಮಾತ್ರ ಮುದ್ರಿಸುವುದೆಂದೂ ಮೊಬೈಲು ಬೇರೊಬ್ಬರ ಕೈಯಲ್ಲಿರಬೇಕೆಂದೂ ತೀರ್ಮಾನಿಸಿದ್ದೇವೆ.

ಮಳೆ ಹಿಡಿದಿರುವುದರಿಂದ ಕರೆಂಟು ಯಾವಾಗ ಹೋಗುವುದೋ ಹೇಳಲಾಗದು. ಆದ್ದರಿಂದ ಓದುವ ಎರಡು ಪುಟಗಳನ್ನು ಬುಧವಾರವೇ ಎಲ್ಲರಿಗೂ ಕಳುಹಿಸುತ್ತಿದ್ದೇನೆ. ಪ್ರಸಂಗದ ಕೊನೆಯ ಭಾಗ ಮುಂದಿನ ಗುರುವಾರಕ್ಕಿದೆ. ಅದನ್ನು ಓದುವವರು ಯಾರೆಂದು ಕೇಳಿದಾಗ ಉತ್ತರಿಸಿದವರು ಆ ಸಿಸ್ಟರ್.