ನೀವು ಜೊತೆಗೆ ಬಂದರೆ ಕಡಿಮೆಗೆ ಸಿಗುತ್ತದೆಯೇ?

ಬೆಂಗಳೂರಿಗೆ ಹೊಸದಾಗಿ ಬಂದ ಸಹೋದ್ಯೋಗಿಗಳು, ಮದುವೆಯ ಜವಳಿ ತೆಗೆಯಲು ಊರಿನಿಂದ ಬರುವ ನೆಂಟರು, ಅವರ ಪರಿಚಯದವರು, ಹೀಗೆ ಯಾರೇ ಪೇಟೆಗೆ ಹೊರಟರೂ ನನ್ನನ್ನು ಕೇಳುವುದು ಇದನ್ನೇ: "ನೀವು ಇಲ್ಲಿಯವರು, ಜೊತೆಗೆ ಬಂದರೆ ಕಡಿಮೆಗೆ ಸಿಗುತ್ತದೆ ಅಲ್ಲವೇ?" ಚಾಮರಾಜಪೇಟೆಯಲ್ಲಿ ಬೆಳೆದು, ಚಿಕ್ಕಪೇಟೆಗೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ನಡೆದೇ ಹೋಗಿ ಬರುತ್ತಿದ್ದವಳು ನಾನಾದ್ದರಿಂದ ಈ ನಂಬಿಕೆ ಹುಟ್ಟಿರಬಹುದು. ನನ್ನ ಉತ್ತರ ಇಷ್ಟು: ಕೆಲವು ಸಾಮಾನಿಗೆ ಸಿಗುತ್ತದೆ, ಹೆಚ್ಚಿನವಕ್ಕೆ ಸಿಗುವುದಿಲ್ಲ. ಸಿಗುವ ಕಡೆಯಲ್ಲಿಯೂ ಕೆಲಸಕ್ಕೆ ಬರುವುದು ಆ ಮಾಲಿನ ಅಸಲು ಎಷ್ಟಿರಬಹುದೆಂಬ ಅಂದಾಜು. ಜೊತೆಗೆ ಬಂದ ಗೆಳತಿಯ ಬಾಯಿ ಜೋರಾಗಿದ್ದರೆ ಸಾಕೆಂದು ತಿಳಿದವರು ಬರಿಗೈಯಲ್ಲಿಯೋ ಬೇಡದ ಸೀರೆಯೊಡನೆಯೋ ಹಿಂದಿರುಗುವುದನ್ನು ನೋಡಿದ್ದೇನೆ.

ಕನ್ನಡದಲ್ಲಿ ಮಾತನಾಡಿದರೆ ತಾನಾಗಿಯೇ ಬೆಲೆ ಇಳಿಯುತ್ತದೆ ಎಂಬುದನ್ನೂ ನಾನು ಪೂರ್ತಿ ಒಪ್ಪಲಾರೆ. ಚಿಕ್ಕಪೇಟೆಯಲ್ಲಿ ಗಲ್ಲಾದ ಮೇಲೆ ಕುಳಿತವರು, ಅವರ ಮನೆತನ ರಾಜಸ್ಥಾನದ್ದೋ ಗುಜರಾತಿನದ್ದೋ ಆಗಿದ್ದರೂ, ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲದರಲ್ಲಿಯೂ ವ್ಯಾಪಾರ ಕುದುರಿಸಬಲ್ಲರು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಣ್ಣಿನವರು ಒಬ್ಬರಿಗೆ ದಖನಿ ಉರ್ದುವಿನಲ್ಲಿ ಬೆಲೆ ಹೇಳುತ್ತಲೇ ಇನ್ನೊಬ್ಬರಿಗೆ ತಮಿಳಿನಲ್ಲಿ ಲೆಕ್ಕ ಒಪ್ಪಿಸಿ ಚಿಲ್ಲರೆ ಕೊಡುತ್ತಾರೆ. ಗಿರಾಕಿ ಹೊಸಬನೆಂಬುದು ಅವರಿಗೆ ಗೊತ್ತಾಗುವುದು ಬೇರೆ ಗುರುತುಗಳಿಂದ. ಮೊದಲ ಅಂಗಡಿಯಲ್ಲಿ ಕಂಡ ಮೊದಲ ವಸ್ತುವನ್ನೇ ಎತ್ತಿ ಎದೆಗೆ ಹಿಡಿದು ನೋಡುವುದು, ಸಂಜೆಯ ರೈಲಿಗೆ ಟಿಕೆಟ್ ಇದೆಯೆಂದು ಅಂಗಡಿಯೊಳಗೇ ಹೇಳಿಕೊಳ್ಳುವುದು, ಮದುವೆ ಮುಂದಿನ ವಾರವೇ ಇದೆಯೆಂದು ಗೋಳಾಡುವುದು, ಇವೆಲ್ಲ ಯಾವ ಭಾಷೆಯಲ್ಲಿ ನಡೆದರೂ ಪರಿಣಾಮ ಒಂದೇ. ಕನ್ನಡ ಬಂದರೆ ಮಾತು ಸಲೀಸಾಗುತ್ತದೆ, ಅಣ್ಣ ಅಕ್ಕ ಎಂದು ಕರೆದಾಗ ಎದುರಿನವರ ದನಿಯೂ ಮೆತ್ತಗಾಗುತ್ತದೆ, ಅಷ್ಟರಮಟ್ಟಿಗೆ ಲಾಭವುಂಟು.

ಚೌಕಾಸಿಯೇ ಇಲ್ಲದ ಜಾಗಗಳನ್ನು ಮೊದಲು ಬದಿಗಿಡೋಣ. ಹಾಪ್‌ಕಾಮ್ಸ್ ಹಣ್ಣು ತರಕಾರಿ ಮಳಿಗೆಯಲ್ಲಿ ದಿನದ ದರ ಬೋರ್ಡಿನ ಮೇಲಿರುತ್ತದೆ. ಕರಕುಶಲ ವಸ್ತುಗಳ ಕಾವೇರಿ ಎಂಪೋರಿಯಂನಲ್ಲಿ, ಮೈಸೂರು ರೇಷ್ಮೆ ಮಾರುವ ಸರ್ಕಾರಿ ಮಳಿಗೆಗಳಲ್ಲಿ ಚೀಟಿಯ ಮೇಲಿರುವುದೇ ಬೆಲೆ, ರಿಯಾಯಿತಿಯ ಕಾಲ ಬಂದರೆ ಎಲ್ಲರಿಗೂ ಒಂದೇ ರಿಯಾಯಿತಿ. ಪೊಟ್ಟಣದ ಮೇಲೆ ಎಂಆರ್‌ಪಿ ಮುದ್ರಿಸಿದ ಸಾಮಾನನ್ನು ಅದಕ್ಕಿಂತ ಹೆಚ್ಚಿಗೆ ಮಾರಲು ಕಾನೂನು ಬಿಡುವುದಿಲ್ಲ, ಕಡಿಮೆಗೆ ಮಾರಲು ಅಡ್ಡಿಯಿಲ್ಲ, ಆದ್ದರಿಂದ ಮಾಮೂಲು ಅಂಗಡಿಯವರು ಐದೋ ಹತ್ತೋ ಬಿಟ್ಟುಕೊಟ್ಟರೆ ಅದು ಅವರ ಇಷ್ಟ. ತಳ್ಳುಗಾಡಿಯ ಸೊಪ್ಪಿನವರೊಡನೆ ಎರಡು ರೂಪಾಯಿಗೆ ಜಗಳ ಕಾಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೆಳಗಿನ ಜಾವ ಮಾರುಕಟ್ಟೆಗೆ ಹೋಗಿ ಸೊಪ್ಪು ಹಾಕಿಸಿಕೊಂಡು ಬಂದು, ಬಾಡುವುದರೊಳಗೆ ಮಾರಿ ಮುಗಿಸಬೇಕಾದವರ ಕಟ್ಟಿನಲ್ಲಿ ಬಿಡುವಷ್ಟು ಲಾಭ ಇರುವುದಿಲ್ಲ. ಕೇಳದೆಯೇ ಒಂದೆಳೆ ಕರಿಬೇವನ್ನು ಕೊಸರು ಹಾಕುವವರೂ ಅವರೇ.

ಹೂವಿನ ವ್ಯಾಪಾರವೇ ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಇಂದಿಗೂ ಬೆಳಕು ಹರಿಯುವ ಮುನ್ನವೇ ಹೂವಿನ ಮೂಟೆಗಳು ಬಂದಿಳಿಯುತ್ತವೆ. ಬಿಡಿ ಸೇವಂತಿಗೆ, ಮಲ್ಲಿಗೆ ಮೊಗ್ಗು, ಕನಕಾಂಬರಗಳ ದರ ಆ ದಿನ ಎಷ್ಟು ಮಾಲು ಬಂತು, ಮರುದಿನ ಯಾವ ಹಬ್ಬವಿದೆ ಎಂಬುದರ ಮೇಲೆ ನಿಂತಿರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಆಯುಧಪೂಜೆಯ ಹಿಂದಿನ ದಿನ ನನ್ನನ್ನೂ ನನ್ನಂಥ ಹತ್ತು ಮಂದಿಯನ್ನೂ ಕರೆದುಕೊಂಡು ಹೋದರೂ ಕೆಜಿಗೆ ಒಂದು ರೂಪಾಯಿ ಇಳಿಯುವುದಿಲ್ಲ. ಕಟ್ಟಿದ ಹೂವಿನಲ್ಲಿ ಮಾತ್ರ ಸ್ವಲ್ಪ ಅವಕಾಶವಿದೆ, ಅದೂ ಅಳತೆಯಲ್ಲಿ. ಹೂವಾಡಗಿತ್ತಿ ಮಾಲೆಯ ತುದಿಯನ್ನು ಬೆರಳುಗಳ ನಡುವೆ ಹಿಡಿದು ಮೊಣಕೈವರೆಗೆ ಎಳೆದು ಒಂದು ಮೊಳ ಮಾಡುತ್ತಾರೆ. ಕೈ ಪೂರ್ತಿ ಚಾಚಿದರೆ ಒಂದಳತೆ, ಬೆರಳನ್ನು ಕೊಂಚ ಮಡಚಿದರೆ ಇನ್ನೊಂದಳತೆ, ಮಾಲೆಯನ್ನು ಸಡಿಲವಾಗಿ ಕಟ್ಟಿದ್ದರೆ ಮೂರನೆಯದು. ಬಲ್ಲವರು ಬೆಲೆಯ ಸುದ್ದಿಗೇ ಹೋಗದೆ "ಅಮ್ಮ, ಕೈ ಬಿಟ್ಟು ಅಳೀರಿ" ಎನ್ನುತ್ತಾರೆ. ಆಕೆಯೂ ನಕ್ಕು, ಕತ್ತರಿಸುವ ಮೊದಲು ನಾಲ್ಕು ಹೂವು ಮುಂದಕ್ಕೆ ಬಿಟ್ಟುಕೊಡುತ್ತಾರೆ. ರಾತ್ರಿ ಅಂಗಡಿ ಎತ್ತುವ ಹೊತ್ತಿಗೆ ಅದೇ ಮಾಲೆಯನ್ನು ಅವರೇ ಕರೆದು ಅರ್ಧ ಬೆಲೆಗೆ ಕೊಡುವುದುಂಟು, ಏಕೆಂದರೆ ಬೆಳಗಾದರೆ ಅದಕ್ಕೆ ಗಿರಾಕಿಯಿಲ್ಲ.

ಇನ್ನು, ನನ್ನನ್ನು ನಿಜವಾಗಿ ಕರೆಯುವುದು ರೇಷ್ಮೆ ಸೀರೆಗೆ. ಚಿಕ್ಕಪೇಟೆಯ ಹಳೆಯ ಜವಳಿ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಬಿಳಿಯ ಹಾಸಿನ ಮೇಲೆ ಕುಳಿತರೆ ಸೀರೆಯ ಮೇಲೆ ಸೀರೆ ಬಿಚ್ಚಿಕೊಂಡು ಬರುತ್ತದೆ, ನಡುವೆ ಕಾಫಿಯೂ ಬರುತ್ತದೆ, ಅಷ್ಟು ಸೀರೆಗಳನ್ನು ಮತ್ತೆ ಮಡಿಸಬೇಕಾದ ಹುಡುಗರ ಮುಖ ನೋಡಿ ಏನಾದರೂ ಕೊಳ್ಳಲೇಬೇಕೆಂಬ ಮುಲಾಜು ಹುಟ್ಟುತ್ತದೆ. ನನ್ನ ಪ್ರಕಾರ ಆ ಮುಲಾಜಿನಲ್ಲಿ ಹೋಗುವಷ್ಟು ದುಡ್ಡು ಚೌಕಾಸಿ ಬಾರದ್ದರಿಂದ ಹೋಗುವುದಿಲ್ಲ. ಜೊತೆಗೆ ಬಂದವರ ಮೊದಲ ಕೆಲಸ ಇಷ್ಟೇ: ಬಿಚ್ಚುವುದನ್ನು ನಿಲ್ಲಿಸಿ, ಬಜೆಟ್ಟು ಹೇಳಿ, ಆ ಬಜೆಟ್ಟಿನೊಳಗಿನವನ್ನು ಮಾತ್ರ ತೋರಿಸಲು ಕೇಳುವುದು.

ಎರಡನೆಯ ಕೆಲಸ ಜರಿಯ ಬಗ್ಗೆ ವಿಚಾರಿಸುವುದು. ಪಕ್ಕಪಕ್ಕದಲ್ಲಿ ಇಟ್ಟರೆ ಒಂದೇ ಥರ ಕಾಣುವ ಎರಡು ಸೀರೆಗಳ ಬೆಲೆ ಒಂದಕ್ಕೆರಡು ಇರುವುದು ಸಾಮಾನ್ಯವಾಗಿ ಜರಿಯಿಂದ. ಬೆಳ್ಳಿಯ ಎಳೆಗೆ ಚಿನ್ನದ ಲೇಪ ಕೊಟ್ಟ ಅಸಲಿ ಜರಿಯೋ, ಬೆಳ್ಳಿ ಕಡಿಮೆಯಿರುವ ಹಾಫ್‌ಫೈನ್ ಜರಿಯೋ, ತಾಮ್ರದ ಎಳೆಯ ಟೆಸ್ಟೆಡ್ ಜರಿಯೋ ಎಂಬುದನ್ನು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ನೂಲು ಅಪ್ಪಟ ರೇಷ್ಮೆಯೇ ಎಂಬುದಕ್ಕೆ ಸಿಲ್ಕ್ ಮಾರ್ಕ್ ಚೀಟಿಯಿದೆ, ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದದ್ದು. ಆದರೆ ಆ ಚೀಟಿ ಹೇಳುವುದು ರೇಷ್ಮೆಯ ಬಗ್ಗೆ, ಜರಿಯ ಬಗ್ಗೆ ಅಲ್ಲ. ಟೆಸ್ಟೆಡ್ ಜರಿಯ ಸೀರೆಯನ್ನು ಅಸಲಿ ಜರಿಯ ಬೆಲೆಗೆ ಒಪ್ಪಿಕೊಂಡು, ಅದರಲ್ಲಿ ಸಾವಿರ ರೂಪಾಯಿ ಇಳಿಸಿದೆವೆಂದು ಬೀಗುತ್ತ ಹೊರಬರುವವರಿಗೆ ಸ್ಥಳೀಯ ಗೆಳತಿಯಿಂದ ಏನು ಉಪಯೋಗವಾದಂತಾಯಿತು?

ಇಷ್ಟಾದ ಮೇಲೆ ಚೌಕಾಸಿ. ಇದರಲ್ಲಿ ನಾನು ಮೆಚ್ಚುವುದು ನಗರ್ತಪೇಟೆಯಲ್ಲಿ ಬೆಳೆದ ನನ್ನ ಗೆಳತಿಯನ್ನು. ಅವಳು ಎಂದೂ ಅರ್ಧಕ್ಕೆ ಕೇಳುವುದಿಲ್ಲ. ನನ್ನ ಚಿಕ್ಕಮ್ಮನ ಮಗಳ ಧಾರೆ ಸೀರೆಗೆ ಹೋದಾಗ ಅಂಗಡಿಯವರು ಹದಿನಾರು ಸಾವಿರ ಎಂದರು. ಅವಳು ಸೆರಗನ್ನು ತಿರುವಿ, ಹಿಂಬದಿಯ ಎಳೆ ನೋಡಿ, ಕೆಳಗಿಟ್ಟು, "ಚೆನ್ನಾಗಿದೆ ಅಣ್ಣ. ಕಡೇ ಮಾತು ಹೇಳ್ಬಿಡಿ, ನಾವೂ ಒಂದೇ ಮಾತಲ್ಲಿ ಮುಗಿಸ್ತೀವಿ" ಎಂದಳು. "ಗಿಟ್ಟಲ್ಲ ಅಕ್ಕ, ಅಸಲೇ ಅಷ್ಟು ಬಿದ್ದಿದೆ" ಎಂಬ ಉತ್ತರ ಬಂತು. ಅವಳು ಮರುಮಾತಾಡದೆ ಸುಮ್ಮನೆ ಕುಳಿತಳು. ಸ್ವಲ್ಪ ಹೊತ್ತಿಗೆ ಅವರೇ ಕ್ಯಾಲ್ಕ್ಯುಲೇಟರ್ ಎತ್ತಿಕೊಂಡು ಹದಿನಾಲ್ಕೂವರೆ ಎಂದರು. ಅವಳು "ಹದಿನಾಲ್ಕು ಮಾಡಿ, ಬೀಗರಿಗೆ ಕೊಡೋ ಸೀರೆಗಳನ್ನೂ ಇಲ್ಲೇ ತಗೋತೀವಿ" ಎಂದಳು, ವ್ಯಾಪಾರ ಮುಗಿಯಿತು. ಬೀಗರ ಸೀರೆಗಳನ್ನು ಅಲ್ಲಿಯೇ ತೆಗೆದೆವು. ಅದನ್ನು ತೆಗೆಯದೆ ಎದ್ದು ಬಂದಿದ್ದರೆ ಮುಂದಿನ ಸಲ ಅವಳ ಮಾತಿಗೆ ಆ ಅಂಗಡಿಯಲ್ಲಿ ಬೆಲೆಯಿರುತ್ತಿರಲಿಲ್ಲ.

ಹೊರಗಿನಿಂದ ಬಂದವರಿಗೆ ಗೊತ್ತಿಲ್ಲದೆ ಹೋಗುವುದು ಇದು. ನೀವು ಬಾಯಿಬಿಟ್ಟು ಇಷ್ಟಕ್ಕೆ ಕೊಡಿ ಎಂದು ಒಂದು ಬೆಲೆ ಹೇಳಿ, ವ್ಯಾಪಾರಿ ಅದಕ್ಕೆ ಒಪ್ಪಿದರೆ ಕೊಳ್ಳಲೇಬೇಕು. ಕೊಳ್ಳುವ ಮನಸ್ಸಿಲ್ಲದಿದ್ದರೆ ಬೆಲೆ ಕೇಳಿ ತಿಳಿದುಕೊಂಡು ಸುಮ್ಮನೆ ಹೊರಡಬಹುದು, ತಪ್ಪಿಲ್ಲ. ಇಳಿಸಿ ಇಳಿಸಿ ಕೊನೆಗೆ "ನೋಡೋಣ ಬಿಡಿ" ಎಂದು ಹೊರಡುವುದು ತಪ್ಪು. ಬೆಳಗಿನ ಬೋಣಿಯ ಹೊತ್ತಿನಲ್ಲಂತೂ ಅದು ಮಹಾಪರಾಧ, ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ದಿನವೆಲ್ಲ ಹಾಗೆಯೇ ಎಂದು ನಂಬುವವರು ಇನ್ನೂ ಬಹಳ ಮಂದಿ ಇದ್ದಾರೆ. ಆ ನಂಬಿಕೆಯಿಂದಲೇ ಮೊದಲ ಗಿರಾಕಿಗೆ ಕೊಂಚ ಬಿಟ್ಟುಕೊಡುವುದೂ ಉಂಟು, ಆದ್ದರಿಂದ ಏನು ಬೇಕೆಂದು ನಿಶ್ಚಯಿಸಿಕೊಂಡವರು ಬೇಗ ಹೋಗುವುದು ಒಳ್ಳೆಯದು.

ಗೆಳತಿಯರಿಬ್ಬರು ಸೇರಿ ಆಡುವ ನಾಟಕದ ಬಗ್ಗೆಯೂ ಕೇಳುತ್ತಾರೆ: ಒಬ್ಬಳು ಆಸೆಪಡುವುದು, ಇನ್ನೊಬ್ಬಳು "ಬಾರೇ, ಆ ಕಡೆ ಅಂಗಡೀಲಿ ಇನ್ನೂ ಕಡಿಮೆಗಿತ್ತು" ಎಂದು ಕೈ ಹಿಡಿದು ಎಳೆಯುವುದು. ಕಮರ್ಷಿಯಲ್ ಸ್ಟ್ರೀಟಿನ ಬದಿಯಲ್ಲಿ ಓಲೆ, ಚಪ್ಪಲಿ, ಕೈಚೀಲ ಮಾರುವವರ ಮುಂದೆ ಇದು ಈಗಲೂ ನಡೆಯುತ್ತದೆ, ಅವರೂ ಕರೆದು ಕೊಡುತ್ತಾರೆ, ಇಬ್ಬರಿಗೂ ಆಟದ ಕಟ್ಟಳೆ ಗೊತ್ತು. ವರ್ಷವರ್ಷವೂ ಹೋಗುವ ಅಂಗಡಿಯಲ್ಲಿ ಇದನ್ನು ಆಡಲು ನನಗೆ ನಾಚಿಕೆ, ಆಡುವುದೂ ಇಲ್ಲ.

ಚಿನ್ನಕ್ಕೆ ನನ್ನನ್ನು ಕರೆಯುವುದು ಬೇಡ. ಗ್ರಾಮಿನ ದರದಲ್ಲಿ ಚೌಕಾಸಿ ನಡೆಯುವುದಿಲ್ಲ. ಮಾತಿಗೆ ಜಾಗವಿರುವುದು ಮಜೂರಿ ಮತ್ತು ಒಡವೆ ಮಾಡುವಾಗ ಸವೆಯುವ ಚಿನ್ನಕ್ಕೆಂದು ಹಾಕುವ ವೇಸ್ಟೇಜಿನಲ್ಲಿ. ಅದನ್ನು ಎರಡು ಅಂಗಡಿಗಳಲ್ಲಿ ಬರೆಸಿಕೊಂಡು, ಹಾಲ್‌ಮಾರ್ಕ್ ನೋಡಿ, ನೀವೇ ಕೇಳಬಹುದು.

ಸೀರೆಗಾದರೆ ಖಂಡಿತ ಬರುತ್ತೇನೆ. ಭಾನುವಾರ ಮಾತ್ರ ಹೇಳಬೇಡಿ, ಚಿಕ್ಕಪೇಟೆಯ ಹೆಚ್ಚಿನ ಅಂಗಡಿಗಳು ಅಂದು ಬಾಗಿಲು ಹಾಕಿರುತ್ತವೆ. ಗಾಡಿಯನ್ನೂ ತರಬೇಡಿ, ಅವೆನ್ಯೂ ರಸ್ತೆಯ ಸುತ್ತ ನಿಲ್ಲಿಸಲು ಜಾಗ ಸಿಗುವುದಿಲ್ಲ, ನಮ್ಮ ಮೆಟ್ರೋದ ಹಸಿರು ಮಾರ್ಗದಲ್ಲಿ 2017ರಿಂದ ಚಿಕ್ಕಪೇಟೆಯಲ್ಲಿಯೇ ನಿಲ್ದಾಣವಿದೆ. ವಾರದ ನಡುವೆ, ಅಂಗಡಿಗಳು ಆಗತಾನೇ ತೆರೆದ ಹೊತ್ತಿಗೆ, ಬಜೆಟ್ಟು ಮನೆಯಲ್ಲಿಯೇ ತೀರ್ಮಾನಿಸಿಕೊಂಡು ಬನ್ನಿ.