ಕಲಿಯೋ ಹುಡುಗೀರ ಕೈಗೆ ನಮ್ಮ ಮಗಳನ್ನ ಯಾಕೆ ಕೊಡ್ತೀರಿ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೆರಿಗೆ ವಾರ್ಡಿನ ಬಾಗಿಲ ಹೊರಗೆ ಫ್ಲಾಸ್ಕು, ಹಳೇ ಸೀರೆ, ತಾಯಿ ಕಾರ್ಡು ಹಿಡಿದು ನಿಂತ ಅಮ್ಮಂದಿರು. ನಾನು ನರ್ಸಿಂಗ್ ಕಾಲೇಜಿನಲ್ಲಿ ಹೆರಿಗೆ ಮತ್ತು ಶಿಶು ಆರೈಕೆ ಕಲಿಸುವವಳು ಎಂದು ಗೊತ್ತಾದರೆ ಮದುವೆ ಮನೆಯ ಪಂಕ್ತಿಯಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆಲವರ ದನಿಯಲ್ಲಿ ಭಯ, ಕೆಲವರದರಲ್ಲಿ ಸಿಟ್ಟು. "ಸರ್ಕಾರಿ ಆಸ್ಪತ್ರೆ ಅಂದ್ರೆ ಬಡವರ ಮೇಲೆ ಪ್ರಯೋಗ ಮಾಡೋ ಜಾಗವಾ?" ಎಂದು ನೇರವಾಗಿ ಕೇಳಿದವರೂ ಇದ್ದಾರೆ. ತಪ್ಪು ಪ್ರಶ್ನೆಯಲ್ಲ. ನನ್ನ ಮಗಳಿದ್ದಿದ್ದರೆ ನಾನೂ ಕೇಳುತ್ತಿದ್ದೆ.

ನೀವು ಅಂದುಕೊಂಡ ಹಾಗೆ ಯಾರೂ ನಿಮ್ಮ ಮಗಳನ್ನು ವಿದ್ಯಾರ್ಥಿನಿಯ ಕೈಗೆ ಒಪ್ಪಿಸಿ ಹೋಗುವುದಿಲ್ಲ. ವಿದ್ಯಾರ್ಥಿನಿ ಅಲ್ಲಿರುವುದು ಬಹುಪಾಲು ಕೂತು ನೋಡಲಿಕ್ಕೆ, ಎಣಿಸಲಿಕ್ಕೆ, ಬರೆಯಲಿಕ್ಕೆ, ಏನಾದರೂ ಏರುಪೇರಾದರೆ ಕೂಗಲಿಕ್ಕೆ. ಹೆರಿಗೆಯ ಕೋಣೆಯಲ್ಲಿ ಜೀವ ಉಳಿಸುವ ಕೆಲಸದ ದೊಡ್ಡ ಪಾಲು ಇದೇ ಎಂಬುದು ಹೊರಗೆ ನಿಂತವರಿಗೆ ಕಾಣುವುದಿಲ್ಲ.

ಆ ಕೋಣೆಗೆ ಬರುವ ಮುಂಚೆ ಅವಳು ಏನು ಕಲಿತಿರುತ್ತಾಳೆ? ಜಿಎನ್ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ, ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷ. ಎರಡರಲ್ಲೂ ಹೆರಿಗೆ ವಿಷಯ ಬರುವುದು ಮೊದಲನೇ ವರ್ಷದಲ್ಲಲ್ಲ. ಅಷ್ಟರಲ್ಲಿ ಇಂಜೆಕ್ಷನ್ ಕೊಡುವುದು, ಬಿಪಿ ನೋಡುವುದು, ಕೈ ತೊಳೆಯುವುದು ಕೈಗೆ ಕೂತಿರುತ್ತದೆ. ಆಮೇಲೆ ಸ್ಕಿಲ್ ಲ್ಯಾಬ್. ಅಲ್ಲಿ ಪ್ಲಾಸ್ಟಿಕ್ಕಿನ ಸೊಂಟದ ಮೂಳೆಯೊಳಗೆ ಬಟ್ಟೆಯ ಮಗುವನ್ನು ತೂರಿಸಿ ತೂರಿಸಿ, ತಲೆ ಯಾವಾಗ ಬಾಗುತ್ತದೆ, ಯಾವಾಗ ತಿರುಗುತ್ತದೆ ಎಂದು ನೋಡುತ್ತಾರೆ. ಬೊಂಬೆಯ ಮೇಲೆ ಕಲಿತದ್ದು ನಿಜವಾದ ಹೆರಿಗೆಗೆ ಬರುತ್ತದೆಯೇ ಎಂದು ನಗುವವರಿದ್ದಾರೆ. ಪೂರ್ತಿ ಬರುವುದಿಲ್ಲ. ಬೊಂಬೆ ಕಿರುಚುವುದಿಲ್ಲ, ಕಾಲು ಝಾಡಿಸುವುದಿಲ್ಲ, "ನನ್ ಕೈಲಾಗಲ್ಲ ಅಕ್ಕಾ" ಎಂದು ಮಣಿಕಟ್ಟು ಹಿಡಿದುಕೊಳ್ಳುವುದಿಲ್ಲ. ಆದರೆ ಮಗು ಉಸಿರಾಡದಿದ್ದಾಗ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಹೇಗೆ ಹಿಡಿಯಬೇಕು ಎಂಬುದನ್ನು ಬೊಂಬೆಯ ಮೇಲಲ್ಲದೆ ಇನ್ನೆಲ್ಲಿ ಕಲಿಸಲಿ?

ಸ್ಕಿಲ್ ಲ್ಯಾಬ್ ಆದಮೇಲೂ ನೇರ ಹೆರಿಗೆ ಕೋಣೆಯಲ್ಲ, ಮೊದಲು ಬಸುರಿಯರ ತಪಾಸಣೆಯ ಒಪಿಡಿ. 2016ರಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಶುರುವಾದಮೇಲೆ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ನಡೆಯುತ್ತದೆ. ಅವತ್ತು ಕಲಿಕೆಯ ಹಬ್ಬ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆಗಿದೆ ಎಂದು ಹೇಳುವುದು ಬೆರಳಿನ ವಿದ್ಯೆ. ಎಷ್ಟೋ ಹೊಟ್ಟೆ ಮುಟ್ಟಿದ ಮೇಲೆ ಬರುತ್ತದೆ. ನಾನು ಮೊದಲು ಕಲಿಸುವುದು ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದನ್ನ. ತಣ್ಣನೆಯ ಕೈ ಇಟ್ಟರೆ ಹೊಟ್ಟೆ ಬಿಗಿಯಾಗುತ್ತದೆ, ಒಳಗಿನದು ಏನೂ ಸಿಗುವುದಿಲ್ಲ. ಎರಡನೆಯದು, ಬಿಪಿ 140/90 ಮುಟ್ಟಿದರೆ ಬರೆದುಕೊಂಡು ಮುಂದಿನವರನ್ನು ಕರೆಯುವುದಲ್ಲ. ತಲೆನೋವಿದೆಯಾ, ಕಣ್ಣು ಮಂಜಾಗುತ್ತಾ, ಮುಖ ಊದಿದೆಯಾ ಎಂದು ಕೇಳಿ, ಮೂತ್ರ ಪರೀಕ್ಷೆ ಮಾಡಿಸಿ, ಡಾಕ್ಟರ ಮುಂದೆ ನಿಲ್ಲಿಸುವುದು.

ಇನ್ನು ಹೆರಿಗೆ ಕೋಣೆ. ಗಡಿಬಿಡಿಯ ದಿನ ಒಬ್ಬ ಸ್ಟಾಫ್ ನರ್ಸ್ ನಾಲ್ಕು ಮಂಚಗಳ ನಡುವೆ ಓಡಾಡುತ್ತಿರುತ್ತಾರೆ. ಪುಸ್ತಕದ ಪ್ರಕಾರ ನೋವು ಜೋರಾದ ಮೇಲೆ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಬೇಕು. ಅದೂ ಪೂರ್ತಿ ಒಂದು ನಿಮಿಷ, ನೋವು ಇಳಿಯುತ್ತಿದ್ದಂತೆ. 110ರಿಂದ 160ರೊಳಗೆ ಇದ್ದರೆ ಸರಿ. ಹತ್ತು ನಿಮಿಷದಲ್ಲಿ ಎಷ್ಟು ಸಲ ನೋವು ಬಂತು, ಒಂದೊಂದೂ ಎಷ್ಟು ಸೆಕೆಂಡು ಇತ್ತು ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಗಡಿಯಾರ ನೋಡಬೇಕು. ಇದೆಲ್ಲ, ಹೆರಿಗೆ ಹೇಗೆ ಸಾಗುತ್ತಿದೆ ಎಂದು ತೋರಿಸುವ ಪಾರ್ಟೋಗ್ರಾಫ್ ಎಂಬ ಹಾಳೆಯ ಮೇಲೆ ಚುಕ್ಕಿಯಾಗಿ ಬೀಳಬೇಕು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಬದಲಿಗೆ ಹೊಸ ಹಾಳೆ ತಂದಿತು. ಅದರಲ್ಲಿ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಗುರುತು ಹಾಕಲು ಶುರು. ಜೊತೆಗಾರರಿದ್ದಾರೆಯೇ, ಕುಡಿಯಲು ಏನಾದರೂ ಕೊಟ್ಟಿರಾ, ಯಾವ ಭಂಗಿಯಲ್ಲಿದ್ದಾಳೆ ಎಂದು ಬರೆಯಲೂ ಅಲ್ಲಿ ಕಾಲಂ ಇದೆ. ನನಗೆ ಬಹಳ ಮೆಚ್ಚುಗೆಯಾದದ್ದು ಅದು.

ನಾಲ್ಕು ಮಂಚಕ್ಕೆ ಒಬ್ಬರಿದ್ದಾಗ ಈ ಹಾಳೆ ಅನೇಕ ಕಡೆ ಹೆರಿಗೆ ಆದಮೇಲೆ ಒಂದೇ ಸಲ ತುಂಬಿಕೊಳ್ಳುತ್ತದೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ವಿದ್ಯಾರ್ಥಿನಿ ಕೂತಿದ್ದರೆ ಅದು ಆಯಾ ಹೊತ್ತಿಗೇ ತುಂಬುತ್ತದೆ. ಅವಳಿಗೆ ಬೇರೆ ಮಂಚವಿಲ್ಲ. ಎದೆಬಡಿತ 100ಕ್ಕೆ ಇಳಿದರೆ ಅವಳು ಏನೂ ಮಾಡಬೇಕಿಲ್ಲ, ಮಾಡಲೂ ಬಾರದು, ಕೂಗಿದರೆ ಸಾಕು. "ಇನ್ನೊಂದ್ಸಲ ನೋಡಿ ಹೇಳ್ತೀನಿ ಅಂತ ಕಾಯ್ಬೇಡ, ತಪ್ಪಾಗಿ ಕೂಗಿದ್ರೆ ನಾನು ಬೈಯಲ್ಲ, ಕೂಗದೇ ಇದ್ರೆ ಬೈತೀನಿ" ಎಂದು ಪೋಸ್ಟಿಂಗಿನ ಮೊದಲ ದಿನವೇ ಹೇಳಿರುತ್ತೇನೆ.

ಕೈ ಹಾಕುವ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ನೋಡುವುದು, ಆಮೇಲೆ ಸಾಮಾನು ಎತ್ತಿಕೊಡುವುದು, ಆಮೇಲೆ ಮಗುವನ್ನು ಒರೆಸುವುದು. ಹೆರಿಗೆ ಮಾಡಿಸುವ ಸರದಿ ಬಂದಾಗಲೂ ನಾನೋ ಸ್ಟಾಫ್ ನರ್ಸೋ ಗ್ಲೌಸ್ ಹಾಕಿಕೊಂಡು ಮೈಗೆ ಮೈ ತಾಕುವಷ್ಟು ಹತ್ತಿರ ನಿಂತಿರುತ್ತೇವೆ. ಚೊಚ್ಚಲ ಹೆರಿಗೆಯಲ್ಲಿ ತಲೆ ಹೊರಬರುವಾಗ ಅವಳ ಕೈಯ ಮೇಲೆ ನಮ್ಮ ಕೈ ಇರುತ್ತದೆ. ಮಗು ಅಡ್ಡವಿದ್ದರೆ, ಬಿಪಿ ಏರಿದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ ಅವಳಿಗೆ ನೋಡುವ ಪಾತ್ರ ಮಾತ್ರ.

ಮಗು ಹೊರಬಂದ ಕೂಡಲೇ ಎರಡು ಜೀವಗಳ ಕೆಲಸ ಒಟ್ಟಿಗೇ ಬೀಳುತ್ತದೆ. ಹೆಚ್ಚುವರಿ ಎರಡು ಕೈ ಎಷ್ಟು ಬೆಲೆಬಾಳುತ್ತವೆ ಎಂಬುದು ಆಗ ಗೊತ್ತಾಗುತ್ತದೆ. ಮಗುವನ್ನು ಅಮ್ಮನ ಹೊಟ್ಟೆಯ ಮೇಲೆ ಇಟ್ಟು ಒಣಬಟ್ಟೆಯಿಂದ ಒರೆಸಬೇಕು. ಅತ್ತರೆ ಅಲ್ಲೇ ಬಿಡಬೇಕು, ಹೊಕ್ಕುಳಬಳ್ಳಿಗೆ ಕ್ಲಾಂಪ್ ಹಾಕಲು ಒಂದರಿಂದ ಮೂರು ನಿಮಿಷ ಕಾಯಬೇಕು. ಅಳದಿದ್ದರೆ ಬೆನ್ನು ಸವರಿ, ಬಾಯಿ ಮೂಗು ಸ್ವಚ್ಛ ಮಾಡಿ, ಒಂದು ನಿಮಿಷ ತುಂಬುವುದರೊಳಗೆ ಬ್ಯಾಗಿನಿಂದ ಉಸಿರು ಕೊಡಲು ಶುರುವಾಗಬೇಕು, ನಿಮಿಷಕ್ಕೆ 40ರಿಂದ 60 ಸಲ. 2009ರಲ್ಲಿ ಶುರುವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ತರಬೇತಿಯ ತಿರುಳೇ ಈ ಒಂದು ನಿಮಿಷ. ಪ್ರತಿ ಶಿಫ್ಟಿನ ಆರಂಭದಲ್ಲಿ ಆ ಬ್ಯಾಗನ್ನು ಅಂಗೈಗೆ ಒತ್ತಿ ಗಾಳಿ ಸೋರುತ್ತಿಲ್ಲ ಎಂದು ಖಾತ್ರಿ ಮಾಡುವ ಕೆಲಸ ನಮ್ಮ ಹುಡುಗಿಯರದು.

ಆ ಹೊತ್ತಿಗೇ ಇನ್ನೊಬ್ಬರು, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಎಂದು ಮುಟ್ಟಿ ನೋಡಿ, ಗರ್ಭಕೋಶ ಬಿಗಿಯಾಗಿಸಿ ರಕ್ತಸ್ರಾವ ತಡೆಯಲು ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಟ್ಟಿರಬೇಕು. ಇದನ್ನೂ ಒಂದು ನಿಮಿಷದೊಳಗೆ. ಹಾಲು ಇಳಿಸಲು ಎಮ್ಮೆಗೆ ಚುಚ್ಚುತ್ತಾರೆಂದು ಹಳ್ಳಿಯವರಿಗೂ ಪರಿಚಯವಾದ ಔಷಧಿ ಇದು. ಆ ದುರ್ಬಳಕೆ ತಡೆಯಲೆಂದೇ 2018ರಲ್ಲಿ ಕೇಂದ್ರ ಸರ್ಕಾರ, ದೇಶದೊಳಗಿನ ಬಳಕೆಗೆ ಇದನ್ನು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಂಪನಿಯೊಂದೇ ತಯಾರಿಸಲಿ ಎಂದಿತ್ತು. ಬಾಣಂತಿಯರಿಗೆ ಕೊರತೆಯಾದೀತೆಂದು ವಿರೋಧ ಬಂತು, ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆದೇಶ ರದ್ದು ಮಾಡಿತು. ಇಷ್ಟು ಅಗ್ಗದ, ಇಷ್ಟು ಮುಖ್ಯವಾದ ಔಷಧಿ ಹೆರಿಗೆ ಕೋಣೆಯಲ್ಲಿ ಮತ್ತೊಂದಿಲ್ಲ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇಡದಿದ್ದರೆ ಸತ್ವ ಕಳೆದುಕೊಳ್ಳುತ್ತದೆ. ಹಾಗಾಗಿ ಆ ಫ್ರಿಜ್ಜಿನ ಥರ್ಮಾಮೀಟರ್ ಓದುವುದೂ ಒಂದು ಪಾಠ.

ನನ್ನ ಉತ್ತರದ ಮುಖ್ಯ ಭಾಗ ಇದರ ನಂತರದ ಎರಡು ಗಂಟೆಗಳದ್ದು. ಮಗು ಹುಟ್ಟಿತು, ಮಾಸು ಬಿತ್ತು, ಹೊರಗೆ ಸಕ್ಕರೆ ಹಂಚಾಯಿತು. ಗಂಡನ ಮನೆಗೆ ಫೋನು ಹೋಯಿತು. ಸ್ಟಾಫ್ ನರ್ಸ್ ಪಕ್ಕದ ಮಂಚಕ್ಕೆ ಹೋದರು. ಎಲ್ಲರೂ ಮಗುವನ್ನು ನೋಡುವಾಗ ತಾಯಿಯನ್ನು ನೋಡುವವರು ಯಾರೂ ಇರುವುದಿಲ್ಲ. ರಕ್ತಸ್ರಾವದಿಂದ ಸಾಯುವ ತಾಯಂದಿರಲ್ಲಿ ಅನೇಕರು ಕಳೆದುಹೋಗುವುದು ಈ ಹೊತ್ತಿನಲ್ಲಿ. ರಕ್ತ ಯಾವಾಗಲೂ ಧಾರೆಯಾಗಿ ಸುರಿಯುವುದಿಲ್ಲ. ಕೆಳಗೆ ಹಾಸಿದ ಸೀರೆ ಹೀರಿಕೊಳ್ಳುತ್ತದೆ, ಗರ್ಭಕೋಶ ಮೆತ್ತಗಾಗಿ ಒಳಗೇ ತುಂಬಿಕೊಳ್ಳುತ್ತದೆ. "ಸುಸ್ತಾಗಿದ್ದಾಳೆ, ಮಲಗಿದ್ದಾಳೆ" ಎಂದು ಮನೆಯವರು ಹೊದಿಕೆ ಹೊದೆಸುತ್ತಾರೆ.

ಅದಕ್ಕೇ ಎರಡು ಗಂಟೆ ಕಾಲ ಪ್ರತಿ 15 ನಿಮಿಷಕ್ಕೊಮ್ಮೆ ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯೇ ನೋಡಬೇಕು, ನಾಡಿ ಎಣಿಸಬೇಕು, ಬಿಪಿ ನೋಡಬೇಕು, ಹೊದಿಕೆ ಸರಿಸಿ ಪ್ಯಾಡ್ ನೋಡಬೇಕು. ಮೆತ್ತಗಿದ್ದರೆ ಉಜ್ಜುತ್ತಲೇ ಕೂಗಬೇಕು. ಈ ಕೆಲಸಕ್ಕೆ ದೊಡ್ಡ ಬುದ್ಧಿವಂತಿಕೆ ಬೇಡ, ಬಿಡದೆ ಮಾಡುವ ಒಬ್ಬರು ಬೇಕು. ಪರೀಕ್ಷೆ ಪಾಸಾಗಬೇಕು, ಮೇಡಂ ಬಂದು ಚಾರ್ಟ್ ನೋಡುತ್ತಾರೆ ಎಂಬ ಹೆದರಿಕೆಯಿರುವ ಇಪ್ಪತ್ತರ ಹುಡುಗಿಗಿಂತ ಒಳ್ಳೆಯವರು ಇದಕ್ಕೆ ಸಿಗುವುದು ಕಷ್ಟ.

2004–06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇಳಿದದ್ದಕ್ಕೆ ಆಂಬುಲೆನ್ಸು, ರಕ್ತನಿಧಿ, ಆಶಾ ಕಾರ್ಯಕರ್ತೆಯರು, ಎಲ್ಲರೂ ಕಾರಣ. ಉಳಿದ ಆ 69ರಲ್ಲಿ ಎಷ್ಟೋ ಜನರನ್ನು ಯಾರಾದರೂ ಪಕ್ಕದಲ್ಲಿ ಕೂತಿದ್ದರೆ ಉಳಿಸಬಹುದಿತ್ತು ಎಂಬುದು ನನ್ನ ಗಟ್ಟಿ ನಂಬಿಕೆ.

ತುಮಕೂರು ಕಡೆಯವರು ಇನ್ನೊಂದು ಮಾತು ಸೇರಿಸುತ್ತಾರೆ: "ಸೂಲಗಿತ್ತಿ ನರಸಮ್ಮ ಯಾವ ಕಾಲೇಜಿಗೆ ಹೋಗಿದ್ರು?" ಪಾವಗಡ ತಾಲ್ಲೂಕಿನ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಪಡೆದವರು. ಕಾಲೇಜಿಗೆ ಹೋಗಲಿಲ್ಲ, ನಿಜ. ಆದರೆ ಅವರೂ ಅಜ್ಜಿಯ ಜೊತೆಗಿದ್ದೇ ಕಲಿತರು. ಅಂದರೆ ಯಾವುದೋ ಊರಿನಲ್ಲಿ, ಯಾರದೋ ಮಗಳ ಹೆರಿಗೆಯಲ್ಲಿ, ಅವರೂ ಒಮ್ಮೆ ಕಲಿಯುವ ಹುಡುಗಿಯಾಗಿ ನಿಂತಿದ್ದರು.

ಈಗ ನಿಮ್ಮ ದೂರಿನಲ್ಲಿ ಸರಿಯಿರುವ ಭಾಗ. ಒಂದು ಮಂಚದ ಸುತ್ತ ಆರೇಳು ವಿದ್ಯಾರ್ಥಿಗಳು ನಿಂತು ನೋಡುವುದು ಕಲಿಕೆಯಲ್ಲ, ಅವಮಾನ. ಇದು ಯಾಕಾಗುತ್ತದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ, ಆದರೆ ಸುಮಾರು 31 ಸಿಸೇರಿಯನ್. ಖಾಸಗಿಯಲ್ಲಂತೂ ಅರ್ಧಕ್ಕಿಂತ ಹೆಚ್ಚು. ಸಹಜ ಹೆರಿಗೆ ಕಲಿಯಬೇಕಾದವರೆಲ್ಲ ಸರ್ಕಾರಿ ಆಸ್ಪತ್ರೆಗೇ ಬರಬೇಕು, ಒಂದೇ ಆಸ್ಪತ್ರೆಗೆ ಹಲವು ಕಾಲೇಜು. ತಾವು ಮಾಡಿದ ಹೆರಿಗೆಗಳನ್ನು ಬರೆದಿಡುವ ಲಾಗ್ ಬುಕ್ಕಿನ ಸಂಖ್ಯೆ ತುಂಬಿಸಲು ಒಂದೇ ಹೆರಿಗೆಯನ್ನು ಹಲವರು ಬರೆದುಕೊಳ್ಳುವುದೂ ಉಂಟು. ಅಂಥ ಪುಸ್ತಕಕ್ಕೆ ಸಹಿ ಹಾಕುವ ಟ್ಯೂಟರುಗಳ ಮೇಲೆ ನನಗೆ ಸಿಟ್ಟಿದೆ.

ಬೈಗುಳದ ವಿಷಯವೂ ಹಾಗೇ. ನೋವಿನಲ್ಲಿರುವವಳ ಮೇಲೆ ರೇಗುವುದು, ತೊಡೆಗೆ ಹೊಡೆಯುವುದು ಇನ್ನೂ ಪೂರ್ತಿ ನಿಂತಿಲ್ಲ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು ಕೇಂದ್ರ ಸರ್ಕಾರ ತಂದ 2017ರ ಲಕ್ಷ್ಯ ಕಾರ್ಯಕ್ರಮ ಗೌರವದ ಆರೈಕೆ, ಪರದೆ, ಜೊತೆಗೊಬ್ಬರು ಇರಬೇಕು ಎಂದೆಲ್ಲ ಹೇಳುತ್ತದೆ. ವಿದ್ಯಾರ್ಥಿನಿ ಕಲಿಯುವುದು ಗೋಡೆಯ ಪೋಸ್ಟರಿನಿಂದಲ್ಲ, ಎದುರಿಗಿರುವ ಹಿರಿಯರಿಂದ. "ಮುಕ್ಕು, ಮುಕ್ಕು" ಎಂದು ಗರ್ಭಕೋಶದ ಬಾಯಿ ತೆರೆಯುವ ಮುಂಚೆಯೇ ಕೂಗುವುದನ್ನು ಅವರು ಬಹಳ ಬೇಗ ಕಲಿಯುತ್ತಾರೆ. ಸುಮ್ಮನೆ ಸೊಂಟ ಉಜ್ಜುತ್ತ ಕೂರುವುದನ್ನು ಕಲಿಸಲು ತಿಂಗಳುಗಳು ಬೇಕು. ಕೇರಳದಿಂದ ಓದಲು ಬಂದ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ದೂರುತ್ತೀರಿ, ಸರಿಯೇ. ಆದರೆ ಸೊಂಟ ಉಜ್ಜುವುದರಲ್ಲಿ ನನ್ನ ಒಳ್ಳೆಯ ವಿದ್ಯಾರ್ಥಿನಿಯರು ಎಷ್ಟೋ ಸಲ ಅವರೇ ಆಗಿದ್ದಾರೆ. ಗಂಡು ಹುಡುಗರನ್ನು ಹೊರಗೆ ಕಳಿಸಿ ಎಂದರೆ ಮರುಮಾತಿಲ್ಲದೆ ಕಳಿಸುತ್ತೇನೆ. ಅವರು ಮಗುವಿನ ತೂಕ, ವಿಟಮಿನ್ ಕೆ, ಬಿಸಿಜಿ ಲಸಿಕೆ ಮುಂತಾದ ಕೆಲಸಗಳಲ್ಲಿ ಪಳಗುತ್ತಾರೆ.

ಹೆರಿಗೆಯ ನಂತರದ ವಾರ್ಡಿನಲ್ಲಿ ನಮ್ಮವರ ಎದುರಾಳಿ ಅಜ್ಜಿ. ಮಗುವಿಗೆ ಜೇನು ನೆಕ್ಕಿಸುವ ಅಜ್ಜಿ, ಬಾಣಂತಿಗೆ ನೀರು ಕುಡಿಸದ ಅಜ್ಜಿ. "ಅಜ್ಜಿ, ಮೊದಲ ಹಾಲೇ ಮೊದಲ ಲಸಿಕೆ" ಎಂದು ಪಾಠ ಒಪ್ಪಿಸಿದರೆ ಅಜ್ಜಿ ಕೇಳುವುದಿಲ್ಲ. ಪಕ್ಕದಲ್ಲಿ ಕೂತು ಮಗುವಿನ ಬಾಯಿ ಅಗಲಕ್ಕೆ ತೆರೆಸಿ ಮೊಲೆಗೆ ಹಚ್ಚಿ ತೋರಿಸಿದರೆ ಕೇಳುತ್ತಾರೆ. ಮಗು ಬೇಗಬೇಗ ಉಸಿರಾಡುತ್ತಿದೆ ಅನ್ನಿಸಿದರೆ ಅಂಗಿ ಎತ್ತಿ ಒಂದು ನಿಮಿಷ ಎಣಿಸುವುದು ಅಲ್ಲಿನ ಪಾಠ. ಎರಡು ತಿಂಗಳೊಳಗಿನ ಮಗುವಿನಲ್ಲಿ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಾಕ್ಟರು ತಕ್ಷಣ ನೋಡಬೇಕು.

ವಿದ್ಯಾರ್ಥಿನಿಯೇ ಬೇಡ ಎನ್ನಬಹುದೇ ಎಂದೂ ಕೇಳುತ್ತಾರೆ. ಖಂಡಿತ ಅನ್ನಬಹುದು. ಮಗಳೇ ಹೇಳಲಿ, ಯಾಕೆ ಅಂತ ಕಾರಣ ಕೊಡಬೇಕಿಲ್ಲ, ಆರೈಕೆಯಲ್ಲಿ ಕಡಿಮೆಯಾಗಬಾರದು. ಆದರೆ ಪೂರ್ತಿ ಬೇಡ ಅನ್ನುವ ಮೊದಲು ಜೊತೆಗಿರುವ ಟ್ಯೂಟರ್ ಯಾರು ಎಂದು ಕೇಳಿ, ಅವರು ಕೋಣೆಯಲ್ಲೇ ಇರುತ್ತಾರೆಯೇ ಎಂದು ಕೇಳಿ. ಇಲ್ಲ ಅಂದರೆ ಒಪ್ಪಬೇಡಿ. ಇದ್ದಾರೆ ಅಂದರೆ ಒಬ್ಬಳನ್ನೋ ಇಬ್ಬರನ್ನೋ ಇರಲು ಬಿಡಿ, ಉಳಿದವರನ್ನು ಹೊರಗೆ ಕಳಿಸಿ ಎನ್ನಿ. ಹೆರಿಗೆಯಾದ ಮೇಲೆ ಅವಳು ಕಾಲು ಗಂಟೆಗೊಮ್ಮೆ ಬಂದು ಹೊಟ್ಟೆ ಒತ್ತಿ ನೋಡಿದರೆ, "ಈಗಷ್ಟೇ ಕಣ್ಣು ಮುಚ್ಚಿದ್ಲು, ಆಮೇಲೆ ಬಾರಮ್ಮ" ಎಂದು ಮಾತ್ರ ಕಳಿಸಬೇಡಿ.