ಎರಡನೇ ಭಾನುವಾರದ ಕಸೂತಿ ಕೂಟ: ಆರು ತಿಂಗಳ ಲೆಕ್ಕ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಪ್ರತಿ ತಿಂಗಳ ಎರಡನೇ ಭಾನುವಾರ ಪಡಸಾಲೆಯಲ್ಲಿ ಕಸೂತಿ ಕೂಟ ಸೇರುತ್ತದೆ. ಹದಿನಾಲ್ಕು ಜನ. ಎಲ್ಲರಿಗಿಂತ ಚಿಕ್ಕವಳಿಗೆ ಮೂವತ್ತೊಂದು, ಹಿರಿಯರಿಗೆ ಎಪ್ಪತ್ತೆರಡು. ಒಂದೂವರೆ ವರ್ಷ ಇದನ್ನು ನಾನು ಶಾಲೆಯ ಹಾಗೆ ನಡೆಸಿದೆ. ಬೋರ್ಡಿನ ಮೇಲೆ ಚೌಕಳಿ ಬರೆದು ವಿವರಿಸುವುದು, ಎಲ್ಲರೂ ತಲೆ ಆಡಿಸುವುದು, ಚಹಾ ಕುಡಿದು ಏಳುವುದು. ಮುಂದಿನ ತಿಂಗಳು ಬಂದಾಗ ಅರ್ಧ ಜನಕ್ಕೆ ಗವಂತಿ ಹೊಲಿಗೆಯೇ ಮರೆತಿರುತ್ತಿತ್ತು.

ಕಸೂತಿ ಹಾಕದವರಿಗೆ ಒಂದು ಮಾತು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಟ್ಟು ಹೋಗುತ್ತದೆ. ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವ ಹಾಗಿಲ್ಲ. ಬಟ್ಟೆಯ ಮೇಲೂ ಹಿಂದೂ ಒಂದೇ ತರ ಕಾಣಬೇಕು. ಹೋಗುವಾಗ ಒಂದು ಎಳೆ ತಪ್ಪು ಎಣಿಸಿದ್ದು ಎಷ್ಟೋ ಸಲ ಗೊತ್ತಾಗುವುದು ವಾಪಸ್ ಬರುವಾಗ. ಅಂದ್ರೆ ನಮ್ಮ ಮನೆಯಲ್ಲಿ ಭಾನುವಾರ ಮಾಡಿದ ತಪ್ಪು ಅವರ ಮನೆಯಲ್ಲಿ ಬುಧವಾರ ಸಿಗುತ್ತದೆ. ಆಗ ಪಕ್ಕದಲ್ಲಿ ಕೇಳೋಕೆ ಯಾರೂ ಇರಲ್ಲ. ಬಟ್ಟೆ ಮಡಚಿ ಕಪಾಟಿಗೆ ಹೋಗುತ್ತದೆ.

ಜೂನ್‌ನಿಂದ ಕೂಟದ ರೀತಿಯನ್ನೇ ಬದಲಾಯಿಸಿ ನೋಡೋಣ ಅಂತ ಹೊರಟೆ.

ಜೂನ್

ದೊಡ್ಡವರು ಹೇಗೆ ಕಲಿಯುತ್ತಾರೆ ಅಂತ ಹುಡುಕಿದರೆ ಮೊದಲು ಸಿಗುವ ಹೆಸರು ಅಮೆರಿಕದ ಮಾಲ್ಕಮ್ ನೋಲ್ಸ್. ಅವರ ಮಾತು ಸರಳ. ದೊಡ್ಡವರಿಗೆ ಕಲಿಯುವ ಮೊದಲೇ 'ಇದು ಯಾಕೆ' ಅಂತ ಗೊತ್ತಿರಬೇಕು. ಬರುವಾಗಲೇ ತಮ್ಮ ಅನುಭವ ಹೊತ್ತು ತಂದಿರುತ್ತಾರೆ. ಎದುರಿಗೆ ನಿಂತ ಕೆಲಸಕ್ಕೆ ಬೇಕಾದ್ದನ್ನು ಬೇಗ ಹಿಡಿಯುತ್ತಾರೆ.

ಹಾಗಾಗಿ ಕೇಳಿದೆ: "ಕಸೂತಿ ಕಲ್ತು ಏನ್ ಮಾಡ್ಬೇಕಂತ ಮಾಡೀರಿ?" ಹದಿನೆಂಟು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ, ನಾಚಿಕೆ ಆಯ್ತು. ಒಬ್ಬರಿಗೆ ಫೆಬ್ರವರಿಯಲ್ಲಿ ಮಗಳ ಮದುವೆ, ಕುಪ್ಪಸದ ತೋಳಿಗೆ ತೇರಿನ ಚಿತ್ತಾರ ಹಾಕಬೇಕು. ಇನ್ನೊಬ್ಬರಿಗೆ ಅವ್ವನ ಚಂದ್ರಕಾಳಿ, ಅಂದ್ರೆ ಕಪ್ಪು ರೇಷ್ಮೆ ಸೀರೆ, ಸರಿಮಾಡಬೇಕು. ಇಬ್ಬರು ನಕ್ಕು ಹೇಳಿದರು, "ಮನಿಯಿಂದ ಹೊರಗ ಬರಾಕ ಒಂದ್ ನೆಪ ಬೇಕಿತ್ರಿ ಅಕ್ಕಾರ, ಅಷ್ಟ." ಅದೂ ಸರಿಯೇ ಅಲ್ವಾ?

ನನ್ನ ಯೋಜನೆಯಲ್ಲಿ ಇದ್ದದ್ದು ಗವಂತಿ, ಮುರಗಿ, ನೇಗಿ, ಮೆಂತೆ, ಈ ನಾಲ್ಕೂ ಹೊಲಿಗೆಗಳನ್ನು ಸಾಲಾಗಿ ಹಾಕಿದ ಒಂದು ಮಾದರಿ ತುಂಡು. ಅದು ಒಬ್ಬರಿಗೂ ಬೇಕಿರಲಿಲ್ಲ.

ಜುಲೈ

ಈ ತಿಂಗಳು ಪೂರ್ತಿ ಕೆಟ್ಟಿತು. ಕಾರಣ ನಾನೇ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗ ಓದಿದ್ದೆ. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ನಮ್ಮದು ತಿಂಗಳ ಕೂಟ, ನಮಗೆ ಇದೇ ಬೇಕು ಅನ್ನಿಸಿತು. ಎಲ್ಲರಿಗೂ ತುಂಡು ಬಟ್ಟೆ ಕೊಟ್ಟು, "ಮಾದರಿ ನೋಡಬ್ಯಾಡ್ರಿ, ಹತ್ತು ನಿಮಿಷ ಮುರಗಿ ಹಾಕ್ರಿ" ಅಂದೆ.

ಪಡಸಾಲೆ ತಣ್ಣಗಾಯಿತು. "ಪರೀಕ್ಷಾ ಐತೇನ್ರಿ?" ಅಂತ ಒಬ್ಬರು. ಮೂಲೆಯಲ್ಲಿದ್ದವರು ಬಟ್ಟೆಯನ್ನು ಸೆರಗಿನ ಒಳಗೆ ಬಚ್ಚಿಟ್ಟುಕೊಂಡರು. ಅರವತ್ತು ದಾಟಿದವರು ಎಂಟನೇ ಕ್ಲಾಸಿನ ಹುಡುಗಿ ಹಾಗೆ ತಲೆ ತಗ್ಗಿಸಿ ಕೂತದ್ದನ್ನು ನೋಡಿ ನನಗೇ ಸಂಕಟ ಆಯ್ತು. ಆವತ್ತು ಮೂವರು ಚಹಾಕ್ಕೂ ನಿಲ್ಲಲಿಲ್ಲ.

ಆಗಸ್ಟ್

ನೆನಪಿನಿಂದ ಹಾಕುವುದನ್ನು ಬಿಡಲಿಲ್ಲ, ಆದರೆ ಜೋಡಿ ಮಾಡಿದೆ. ಒಬ್ಬರು ಹಾಕಬೇಕು, ಇನ್ನೊಬ್ಬರು ಬಾಯಲ್ಲಿ ದಾರಿ ಹೇಳಬೇಕು. ಯಾರೂ ತಿದ್ದುವುದಿಲ್ಲ. ನಾನೂ ಒಂದು ಜೋಡಿಯಲ್ಲಿ ಕೂತೆ, ಎಲ್ಲರ ಎದುರಿಗೇ ತಿರುವಿನಲ್ಲಿ ತಪ್ಪಿದೆ. ನಗು ಬಂತು. ಅಲ್ಲಿಂದ ಸರಿಹೋಯ್ತು.

ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಕೆಲಸ ಮಾಡಿತು. ಧಾರವಾಡದ ಮಳೆಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ. ನಮ್ಮಲ್ಲಿ ಹನ್ನೊಂದು ಜನಕ್ಕೆ ಚಾಳೀಸು ಬಂದಿದೆ. ಎಳೆ ಕಾಣದಿದ್ದರೆ ಕಲಿಯುವ ಸಿದ್ಧಾಂತ ತಗೊಂಡು ಏನು ಮಾಡೋದು? ಕೂಟವನ್ನು ಬೆಳಿಗ್ಗೆ ಹತ್ತೂವರೆಗೆ ಬದಲಾಯಿಸಿದೆ, ಕುರ್ಚಿಗಳು ಕಿಟಕಿ ಕಡೆ ಹೋದವು. ಚಹಾದ ಜೊತೆ ಮಿರ್ಚಿ ನಿಲ್ಲಿಸಿದೆ, ಎಣ್ಣೆ ಕೈ ಬಟ್ಟೆಗೆ ಹತ್ತುತ್ತದೆ. ಅದಕ್ಕೆ ಮಾತ್ರ ಇನ್ನೂ ಬೈಗುಳ ತಿನ್ನುತ್ತಿದ್ದೇನೆ.

ಸೆಪ್ಟೆಂಬರ್

ಬೋರ್ಡ್ ತೆಗೆದೆ. ಈಗ ಮೊದಲ ಒಂದು ಗಂಟೆ 'ಸಿಕ್ಕು' ಬಿಡಿಸುವುದು. ತಿಂಗಳಲ್ಲಿ ಎಲ್ಲಿ ಸಿಕ್ಕಿಬಿದ್ದಿರೋ ಆ ಬಟ್ಟೆಯನ್ನು ಹಾಗೇ ತನ್ನಿ, ಬಿಚ್ಚಬೇಡಿ ಅಂತ ಮೊದಲೇ ಹೇಳಿದ್ದೆ. ಏಳು ಜನ ತಂದರು, ಅದರಲ್ಲಿ ಐದರದ್ದು ಒಂದೇ ಸಿಕ್ಕು: ತೇರಿನ ಗೆರೆಯಿಂದ ಪಕ್ಕಕ್ಕೆ ಚಾಚಿದ ಟೊಂಗೆಗೆ ಹೋದ ದಾರ ವಾಪಸ್ ಬರಲಾರದೆ ನಿಂತಿದೆ. ನಾನು ಹೇಳಿಕೊಡಬೇಕೆಂದಿದ್ದ ಪಾಠವೂ ಅದೇ, ಆದರೆ ಈಗ ಅದನ್ನು ಅವರೇ ಕೇಳಿ ಪಡೆದರು.

ಅಕ್ಟೋಬರ್

ಹೊಸಬರು ಇಬ್ಬರು ಸೇರಿದರು. ಅವರಿಗೂ "ನಿಮಗೆ ಏನ್ ಬೇಕೋ ಅದನ್ನ ಆರಿಸ್ಕೊಳ್ರಿ" ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ಮೊದ್ಲ ಸೂಜಿ ಹೆಂಗ ಹಿಡೀಬೇಕು ಹೇಳ್ರೀ ಅಕ್ಕಾರ!" ಸೂಜಿಯೇ ಗೊತ್ತಿಲ್ಲದವರಿಗೆ ಆಯ್ಕೆ ಅಂದ್ರೆ ತಲೆನೋವು. ನೋಲ್ಸ್ ಕೂಡ ಇಲ್ಲಿ ಸ್ವಲ್ಪ ಹಿಂದೆ ಸರಿದಿದ್ದಾರೆ. 1970ರಲ್ಲಿ ಅವರ ಪುಸ್ತಕದ ಉಪಶೀರ್ಷಿಕೆಯಲ್ಲೇ ದೊಡ್ಡವರ ಕಲಿಕೆಯನ್ನೂ ಮಕ್ಕಳ ಕಲಿಕೆಯನ್ನೂ ಎದುರುಬದುರು ನಿಲ್ಲಿಸಿದ್ದರು. 1980ರ ಆವೃತ್ತಿಯಲ್ಲಿ ಅದು 'ಮಕ್ಕಳ ಕಲಿಕೆಯಿಂದ ದೊಡ್ಡವರ ಕಲಿಕೆಗೆ' ಅಂತಾಯಿತು. ಹೊಸಬರನ್ನು ಎರಡು ತಿಂಗಳು ನಾನೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ, ಹಳೇ ಕ್ಲಾಸಿನ ಹಾಗೇ.

ನವೆಂಬರ್

ನೇಗಿಯ ಚಾರ್ಟ್ ಸುತ್ತಿ ತಂದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಚಂದ್ರಕಾಳಿ ಸೀರೆ ಬಂತು. ಸೆರಗಿನ ಗೋಪುರ ಅಲ್ಲಲ್ಲಿ ಸವೆದು ಹೋಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಎಪ್ಪತ್ತೆರಡರ ಅಜ್ಜಿ ಸೀರೆ ತಿರುವಿ ಹಾಕಿದರು. "ನೋಡ್ರಿ ಇಲ್ಲೆ. ಮ್ಯಾಲ ಒಂದು ಬಿಟ್ಟು ಒಂದು ಉಳದಾವ, ಹಿಂದ ಅದರ ನಡುವಿನವು. ಇದು ಹೋಗೋ ದಾರ. ಬರೋ ದಾರ ಕಿತ್ತು ಹೋಗೇತಿ." ನಿಜ. ಗವಂತಿಯ ಒಂದು ಸುತ್ತು ಮಾತ್ರ ಉಳಿದರೆ ಬಟ್ಟೆ ಹಾಗೇ ಕಾಣಬೇಕು. ನನಗೆ ಹೊಳೆದಿರಲಿಲ್ಲ. ಉಳಿದ ಹೊಲಿಗೆಗಳ ಮೇಲೆ ಬೆರಳಿಟ್ಟುಕೊಂಡು, ಸೀರೆಯ ಒಡತಿಯ ಅವ್ವ ಎಲ್ಲಿ ಶುರುಮಾಡಿ ಯಾವ ಟೊಂಗೆಗೆ ಮೊದಲು ಹೋಗಿದ್ದರು ಅಂತ ಎಲ್ಲರೂ ಸೇರಿ ಹುಡುಕಿದರು. ಒಂದೂವರೆ ತಾಸು. ಹೊಸಬರಲ್ಲಿ ಒಬ್ಬಾಕೆ ಸೀರೆಯ ಅಂಚು ಹಿಡಿದು ನಿಂತಲ್ಲೇ ನಿಂತಿದ್ದಳು.

ಚಾರ್ಟ್ ಬಾಗಿಲ ಹಿಂದೆಯೇ ಇದೆ. ಡಿಸೆಂಬರ್‌ಗೆ ಕಪ್ಪು ಬಟ್ಟೆ ನಾಲ್ಕು ಮೀಟರ್ ತರಬೇಕು. ಎಲ್ಲರಿಗೂ ಈಗ ಅದೇ ಗೋಪುರ ಬೇಕಂತೆ.